ಒಲೆ ಮೇಲಿನ ಗಟ್ಟಿ ಅಕ್ಕಿ ಪಾಯಸ: ತಳ ಹಿಡಿಯದಂತೆ, ಹಾಲು ಒಡೆಯದಂತೆ, ಕೈಯಿಂದ ದುಡ್ಡು ಹೋಗದಂತೆ



ಪಾಯಸ ಮಾಡೋದನ್ನೂ ಹೇಳಿಕೊಡಬೇಕಾ ಅಂತ ನಿಮ್ಮಲ್ಲಿ ಕೆಲವರು ನಗಬಹುದು. ಮನೆ ಮಂದಿಗೆ ಒಂದು ಲೀಟರ್ ಹಾಲಿನ ಪಾಯಸ ಮಾಡಲು ನಿಮಗೆ ಯಾರ ಪಾಠವೂ ಬೇಕಿಲ್ಲ, ಅದು ನಿಜ. ಆದರೆ ಈಗ ಶಿಕಾರಿಪುರ, ಶಿರಾಳಕೊಪ್ಪ, ಸೊರಬ, ಆನವಟ್ಟಿ ಕಡೆ ಹಲವು ಸಂಘಗಳವರು ನಾಮಕರಣ, ಗೃಹಪ್ರವೇಶ, ಶಾಲೆ ಕಾರ್ಯಕ್ರಮಗಳಿಗೆ ಅಡಿಗೆ ಆರ್ಡರ್ ಹಿಡಿಯುತ್ತಿದ್ದಾರೆ. ಅನ್ನ, ಸಾರು, ಪಲ್ಯದಲ್ಲಿ ಹೆಚ್ಚುಕಮ್ಮಿಯಾದರೆ ಸರಿ ಮಾಡಿಕೊಳ್ಳಬಹುದು. ಉಪ್ಪು ಕಮ್ಮಿಯಾದರೆ ಹಾಕಬಹುದು, ಖಾರ ಜಾಸ್ತಿಯಾದರೆ ಇನ್ನಷ್ಟು ಬೇಳೆ ಸೇರಿಸಬಹುದು. ಪಾಯಸ ಹಾಗಲ್ಲ. ಹಾಲು ಒಮ್ಮೆ ತಳ ಹಿಡಿದು ಸೀದ ವಾಸನೆ ಬಂತೋ, ಇಡೀ ಪಾತ್ರೆಗೆ ಆ ವಾಸನೆ ಹತ್ತುತ್ತದೆ.

ಸೊರಬದ ಕಡೆಯ ಒಂದು ಸಂಘದವರಿಗೆ ಹೀಗೇ ಆಯಿತು. ಹದಿನೈದು ಲೀಟರ್ ಹಾಲಿನ ಪಾಯಸ. ದೊಡ್ಡ ತೆಳು ಪಾತ್ರೆ, ಜೋರು ಉರಿ, ತಿರುವಲು ನಿಂತಿದ್ದವರನ್ನು ಬೇರೆ ಕೆಲಸಕ್ಕೆ ಕರೆದರು. ಹತ್ತು ನಿಮಿಷ ಸಾಕಾಯಿತು. ಆರ್ಡರ್ ಕೊಟ್ಟವರು ಸಿಹಿಯ ದುಡ್ಡು ಹಿಡಿದುಕೊಂಡರು. ಹಾಲಿನ ದುಡ್ಡನ್ನು ಆರು ಜನ ಸದಸ್ಯೆಯರು ತಮ್ಮ ಕೈಯಿಂದ ಹಾಕಿದರು. ಒಂದು ವಾರದ ಕೂಲಿ ಅದರಲ್ಲೇ ಹೋಯಿತು. "ಸಿಸ್ಟರ್, ಇನ್ನು ನಾವು ಪಾಯಸದ ಆರ್ಡರ್ ಒಪ್ಪೋದಿಲ್ಲ" ಅಂದರು. ಒಪ್ಪಲೇಬೇಕು ಅಂತ ನಮ್ಮ ಅಭಿಪ್ರಾಯ. ಯಾಕೆಂದರೆ ಸಿಹಿ ಇಲ್ಲದ ಊಟದ ಆರ್ಡರನ್ನು ಯಾರೂ ಕೊಡುವುದಿಲ್ಲ. ಹಾಗಾಗಿ ಪಾಯಸ ಯಾಕೆ ಗಟ್ಟಿಯಾಗುತ್ತದೆ, ಯಾಕೆ ಹೊತ್ತುತ್ತದೆ, ಯಾಕೆ ಒಡೆಯುತ್ತದೆ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತಿದ್ದೇವೆ. ಕಾರಣ ಗೊತ್ತಿದ್ದರೆ ಪಾತ್ರೆ ಸಣ್ಣದಿರಲಿ ದೊಡ್ಡದಿರಲಿ ಕೈ ನಡುಗುವುದಿಲ್ಲ.

ನಮ್ಮ ಎರಡೂ ತಾಲ್ಲೂಕು ಭತ್ತದ ಸೀಮೆ. ಶಿಕಾರಿಪುರದಲ್ಲಿ ಈಗ ಮೆಕ್ಕೆಜೋಳ ಬಹಳಷ್ಟು ಗದ್ದೆಗಳನ್ನು ನುಂಗಿದೆ, ಆದರೂ ಕೆರೆ ಹಿಂದೆ, ಚಾನಲ್ ಕೆಳಗೆ ಭತ್ತ ಇದ್ದೇ ಇದೆ. ಹೊಸ ಅಕ್ಕಿ ಮನೆಗೆ ಬಂದಾಗ ಹೊಸ್ತಿನ ಊಟಕ್ಕೆ ಪಾಯಸ ಮಾಡುವುದು ಮಲೆನಾಡಿನ ಪದ್ಧತಿ. ನಮ್ಮ ಕೊಂಕಣಿ ಮಾತಾಡುವ ಕ್ರೈಸ್ತ ಮನೆಗಳಲ್ಲಿ ಸೆಪ್ಟೆಂಬರ್ 8ರ ತೆನೆ ಹಬ್ಬಕ್ಕೆ ಹೊಸ ತೆನೆಯ ಕಾಳನ್ನು ಸುಲಿದು ಸಿಹಿಯಲ್ಲಿ ಬೆರೆಸಿ ಎಲ್ಲರೂ ಹಂಚಿಕೊಂಡು ತಿನ್ನುವುದೂ ಅದೇ ಸಂತೋಷಕ್ಕೆ. ನೂರಾರು ಜನಕ್ಕೆ ಅಡಿಗೆ ಮಾಡಿ ಬಡಿಸುವುದೂ ಈ ಮಣ್ಣಿಗೆ ಹೊಸದಲ್ಲ. ಶಿಕಾರಿಪುರ ತಾಲ್ಲೂಕಿನ ಬಳ್ಳಿಗಾವಿಯಲ್ಲಿದ್ದ ಕೋಡಿಯ ಮಠದ ಬಗ್ಗೆ ಕ್ರಿ.ಶ. 1162ರ ಶಾಸನವೊಂದಿದೆ. ಅಲ್ಲಿ ದೀನರು, ಅನಾಥರು, ಕುಂಟರು, ಕುರುಡರು, ಹಾಡುವವರು, ಕುಣಿಯುವವರು ಎಲ್ಲರಿಗೂ ಅನ್ನ ಸಿಗುತ್ತಿತ್ತು, ರೋಗಿಗಳಿಗೆ ಔಷಧ ಸಿಗುತ್ತಿತ್ತು ಎಂದು ಅದರಲ್ಲಿ ಹೇಳಿದೆ. ಅಷ್ಟು ಜನಕ್ಕೆ ಒಲೆ ಮುಂದೆ ನಿಂತು ಬೇಯಿಸಿದವರ ಹೆಸರು ಮಾತ್ರ ಕಲ್ಲಿನ ಮೇಲೆ ಇಲ್ಲ ನೋಡಿ!

ಅಕ್ಕಿ ಮತ್ತು ಹಾಲಿನ ಸಿಹಿ ನಮ್ಮಲ್ಲಿ ಮಾತ್ರ ಅಂತಲೂ ತಿಳಿಯಬೇಡಿ. ಉತ್ತರ ಭಾರತದ ಖೀರು, ಕೇರಳದ ಪಾಲ್ ಪಾಯಸ, ಟರ್ಕಿ ದೇಶದ ಸುತ್ಲಾಚ್, ಸ್ಪೇನ್ ದೇಶದ ಅರೋಸ್ ಕೊನ್ ಲೆಚೆ, ಎಲ್ಲವೂ ಒಂದೇ ಮನೆಯ ಅಕ್ಕತಂಗಿಯರು. ಇಂಗ್ಲೆಂಡಿನಲ್ಲಿ ಇದನ್ನು ಓವನ್ ಒಳಗೆ ಇಟ್ಟು ನಿಧಾನ ಬೇಯಿಸುವ ರೂಢಿ. ಓವನ್‌ನಲ್ಲಿ ಶಾಖ ಎಲ್ಲಾ ಕಡೆಯಿಂದ ಮೆಲ್ಲಗೆ ಬರುತ್ತದೆ. ನಮ್ಮ ಒಲೆಯಲ್ಲಿ ಶಾಖ ಬರುವುದು ಅಡಿಯಿಂದ ಮಾತ್ರ. ಪಾಯಸದ ಕಷ್ಟವೆಲ್ಲ ಆ ಒಂದು ವಿಷಯದಲ್ಲೇ ಇದೆ.

ಯಾವ ಅಕ್ಕಿ?

ಪಾಯಸ ಗಟ್ಟಿಯಾಗುವುದು ಅಕ್ಕಿಯಲ್ಲಿರುವ ಪಿಷ್ಟದಿಂದ, ಅಂದರೆ ಅನ್ನ ಬಸಿದಾಗ ತೆಳಿಯಲ್ಲಿ ಬರುವ ಗಂಜಿಯ ಅಂಶದಿಂದ. ನೀರು ಅಥವಾ ಹಾಲು ಸುಮಾರು 70 ಡಿಗ್ರಿ ಕಾಯುವ ಹೊತ್ತಿಗೆ ಈ ಪಿಷ್ಟ ನೀರು ಕುಡಿದು ಉಬ್ಬಲು ಶುರುವಾಗುತ್ತದೆ. ಉಬ್ಬಿ ಉಬ್ಬಿ ಕೊನೆಗೆ ಕಾಳಿನಿಂದ ಹೊರಗೆ ಬಂದು ಹಾಲಿನಲ್ಲಿ ಸೇರುತ್ತದೆ. ಆಗ ಹಾಲು ಕೆನೆಯ ಹಾಗೆ ಆಗುತ್ತದೆ. ಆದ್ದರಿಂದ ಯಾವ ಅಕ್ಕಿ ಬೆಂದಾಗ ಮೆತ್ತಗೆ, ಅಂಟಂಟಾಗಿ ಆಗುತ್ತದೋ ಅದು ಪಾಯಸಕ್ಕೆ ಒಳ್ಳೆಯದು. ಉದುರುದುರಾಗುವ ಉದ್ದ ಕಾಳಿನ ಬಾಸುಮತಿ ಅಕ್ಕಿಗೆ ಹೆಚ್ಚು ದುಡ್ಡು ಕೊಡುವುದು ವ್ಯರ್ಥ. ಅದು ಪಲಾವಿಗೆ ಇರಲಿ.

ಗಂಧಸಾಲೆ, ಜೀರಿಗೆ ಸಣ್ಣದಂಥ ಮಲೆನಾಡಿನ ಸಣ್ಣಕ್ಕಿ ಯಾರ ಮನೆಯಲ್ಲಾದರೂ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಏಲಕ್ಕಿ ಹಾಕದಿದ್ದರೂ ಘಮ ಬರುತ್ತದೆ. ಸಿಗದಿದ್ದರೆ ಸೋನಾ ಮಸೂರಿ ಸಾಕು. ನುಚ್ಚಕ್ಕಿ ಇನ್ನೂ ಒಳ್ಳೆಯದು: ಕಾಳು ಒಡೆದಿರುವುದರಿಂದ ಪಿಷ್ಟ ಬೇಗ ಹೊರಗೆ ಬರುತ್ತದೆ, ಬೇಗ ಬೇಯುತ್ತದೆ, ದರವೂ ಕಮ್ಮಿ. ದೊಡ್ಡ ಆರ್ಡರಿಗೆ ಅರ್ಧ ಅಕ್ಕಿ, ಅರ್ಧ ನುಚ್ಚು ಹಾಕಿ ನೋಡಿ. ಬಾಯಿಗೆ ಕಾಳೂ ಸಿಗುತ್ತದೆ, ಪಾಯಸವೂ ಕೂಡಿಕೊಳ್ಳುತ್ತದೆ. ಕುಚಲಕ್ಕಿ ಬೇಡ. ಹೊಸ ಅಕ್ಕಿ ಹೆಚ್ಚು ಅಂಟು, ಹಳೆ ಅಕ್ಕಿ ಹೆಚ್ಚು ನೀರು ಕುಡಿಯುತ್ತದೆ. ಒಂದೇ ಅಳತೆಯಲ್ಲಿ ಮಾಡಿದರೂ ಒಂದು ಸಲ ಗಟ್ಟಿ, ಒಂದು ಸಲ ತೆಳು ಆಗುವುದು ಇದರಿಂದಲೇ.

ರೇಷನ್ ಅಕ್ಕಿಯಲ್ಲೂ ಪಾಯಸ ಆಗುತ್ತದೆ. ರೇಷನ್ ಅಕ್ಕಿ ತೊಳೆಯುವಾಗ ಬಣ್ಣ ಬೇರೆಯಾಗಿ ಕಾಣುವ, ಕೆಲವು ಸಲ ತೇಲುವ ಕಾಳು ಕಂಡು "ಪ್ಲಾಸ್ಟಿಕ್ ಅಕ್ಕಿ" ಎಂದು ಆರಿಸಿ ಎಸೆದವರನ್ನು ನಾವು ನೋಡಿದ್ದೇವೆ. ಅದು ಪ್ಲಾಸ್ಟಿಕ್ ಅಲ್ಲ. ಅಕ್ಕಿ ಹಿಟ್ಟಿಗೆ ಕಬ್ಬಿಣದ ಅಂಶ, ಫೋಲಿಕ್ ಆಸಿಡ್, ಬಿ12 ವಿಟಮಿನ್ ಸೇರಿಸಿ ಕಾಳಿನ ಆಕಾರ ಕೊಟ್ಟು, ನೂರು ಕಾಳಿಗೆ ಒಂದರಂತೆ ಬೆರೆಸಿದ ಸಾರವರ್ಧಿತ ಅಕ್ಕಿ ಅದು. ಅಂಥ ಕಾಳು ನಿಮ್ಮ ಚೀಲದಲ್ಲಿ ಕಂಡರೆ ಎಸೆಯಬೇಡಿ, ರಕ್ತಹೀನತೆ ಇರುವ ಹೆಣ್ಣುಮಕ್ಕಳಿಗಾಗಿಯೇ ಅದನ್ನು ಹಾಕಿರುವುದು.

ಅಕ್ಕಿಯನ್ನು ಎರಡು ಸಲ ತೊಳೆದರೆ ಸಾಕು. ಐದಾರು ಸಲ ಉಜ್ಜಿ ತೊಳೆದರೆ ಮೇಲಿನ ಪಿಷ್ಟವೆಲ್ಲ ಚರಂಡಿಗೆ ಹೋಗುತ್ತದೆ. ತೊಳೆದ ಮೇಲೆ ಅರ್ಧ ಗಂಟೆ ನೆನೆಸಿ, ಕೈಯಲ್ಲಿ ಮೆಲ್ಲಗೆ ಹಿಸುಕಿ ಕೆಲವು ಕಾಳು ಮುರಿಯುವಂತೆ ಮಾಡಿ. ನೆನೆಸಿದ ನೀರನ್ನು ಚೆಲ್ಲದೆ ಅದರಲ್ಲೇ ಬೇಯಿಸಿ. ಕೆಲವರು ಅಕ್ಕಿಯನ್ನು ತುಪ್ಪದಲ್ಲಿ ಹುರಿದು ಹಾಕುತ್ತಾರೆ. ಪರಿಮಳ ಬರುತ್ತದೆ, ಆದರೆ ಹುರಿದ ಕಾಳು ಬಿಡಿಬಿಡಿಯಾಗಿ ಉಳಿಯುತ್ತದೆ. ಗಟ್ಟಿ ಪಾಯಸ ಬೇಕಾದವರು ಹುರಿಯಬೇಡಿ.

ಹಾಲು

ಡೈರಿಗೆ ಹಾಲು ಹಾಕುವ ನಿಮಗೆ ಫ್ಯಾಟ್, ಎಸ್‌ಎನ್‌ಎಫ್ ಅಂದರೆ ಏನು ಅಂತ ಹೇಳಬೇಕಾಗಿಲ್ಲ. ಪ್ಯಾಕೆಟ್ ಹಾಲಿನಲ್ಲಿ ಟೋನ್ಡ್ ಹಾಲಿಗೆ 3 ಪರ್ಸೆಂಟ್ ಫ್ಯಾಟ್, ಸ್ಟ್ಯಾಂಡರ್ಡೈಸ್ಡ್ ಹಾಲಿಗೆ 4.5, ಪೂರ್ಣ ಕೆನೆ ಹಾಲಿಗೆ 6 ಪರ್ಸೆಂಟ್. ಪ್ಯಾಕೆಟ್ ಮೇಲೆ ಬರೆದಿರುತ್ತದೆ, ಓದಿ ತೆಗೆದುಕೊಳ್ಳಿ. ಪಾಯಸಕ್ಕೆ 4.5 ಸಾಕು ಎನ್ನುವುದು ನಮ್ಮ ಅನುಭವ. ಟೋನ್ಡ್ ಹಾಲಿನಲ್ಲೂ ಆಗುತ್ತದೆ, ಆದರೆ ಹೆಚ್ಚು ಹೊತ್ತು ಕುದಿಸಬೇಕು. ಹಾಲಿನಲ್ಲಿ ಉಳಿಸಿದ ದುಡ್ಡು ಗ್ಯಾಸಿನಲ್ಲಿ ಹೋಗುತ್ತದೆ. ಎಮ್ಮೆ ಹಾಲು ಸಿಕ್ಕರೆ ನಾಲ್ಕರಲ್ಲಿ ಒಂದು ಭಾಗ ನೀರು ಬೆರೆಸಿದರೂ ಪಾಯಸ ಗಟ್ಟಿಯಾಗೇ ಬರುತ್ತದೆ.

ಒಂದು ಮುಖ್ಯ ಮಾತು. ನಿನ್ನೆ ಸಂಜೆಯ ಹಾಲು, ಇವತ್ತು ಬೆಳಗ್ಗೆಯ ಹಾಲು, ನಾಲ್ಕು ಮನೆಯ ಹಾಲು ಎಲ್ಲ ಒಟ್ಟಿಗೆ ಸುರಿಯುವ ಮೊದಲು ಒಂದೊಂದು ಕ್ಯಾನಿನಿಂದಲೂ ಒಂದು ಸೌಟು ತೆಗೆದು ಬೇರೆಯಾಗಿ ಕುದಿಸಿ ನೋಡಿ. ಹುಳಿ ತಿರುಗಲು ಶುರುವಾದ ಹಾಲು ಕಣ್ಣಿಗೆ, ಮೂಗಿಗೆ ಗೊತ್ತಾಗುವುದಿಲ್ಲ, ಕುದಿಸಿದಾಗ ಮಾತ್ರ ಒಡೆಯುತ್ತದೆ. ಒಂದು ಲೀಟರ್ ಕೆಟ್ಟ ಹಾಲು ಹತ್ತು ಲೀಟರ್ ಒಳ್ಳೆ ಹಾಲನ್ನು ಹಾಳು ಮಾಡುತ್ತದೆ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಂತೂ ಈ ಪರೀಕ್ಷೆ ಬಿಡಲೇಬಾರದು. ಒಡೆಯಬಾರದೆಂದು ಸೋಡಾ ಪುಡಿ ಹಾಕುವವರೂ ಇದ್ದಾರೆ. ಹಾಕಬೇಡಿ, ಸೋಪಿನಂಥ ರುಚಿ ಬರುತ್ತದೆ, ಬಣ್ಣವೂ ಕೆಡುತ್ತದೆ. ಅದಕ್ಕಿಂತ ಹೆಚ್ಚಾಗಿ, ಕೆಟ್ಟ ಹಾಲನ್ನು ಮುಚ್ಚಿಟ್ಟು ಬಡಿಸಿದ ಹಾಗಾಗುತ್ತದೆ.

ತಳ ಹಿಡಿಯುವುದು ಯಾಕೆ?

ಹಾಲು ಕಾಯುವಾಗ ಅದರಲ್ಲಿರುವ ಪ್ರೋಟೀನಿನ ಒಂದು ಭಾಗ ಪಾತ್ರೆಯ ತಳಕ್ಕೆ ಅಂಟಿಕೊಳ್ಳುತ್ತದೆ. ಅದರ ಮೇಲೆ ಅಕ್ಕಿ ಕಾಳು ಭಾರಕ್ಕೆ ಇಳಿದು ಕೂರುತ್ತದೆ. ಅಕ್ಕಿ ಕೂತ ಜಾಗದಲ್ಲಿ ಹಾಲು ಓಡಾಡುವುದಿಲ್ಲ, ಶಾಖ ಅಲ್ಲೇ ನಿಲ್ಲುತ್ತದೆ, ಹಾಲಿನ ಸಕ್ಕರೆ ಅಂಶ ಕಂದಾಗಿ ಆಮೇಲೆ ಕಪ್ಪಾಗುತ್ತದೆ. ಪಾಯಸ ಗಟ್ಟಿಯಾದಂತೆಲ್ಲ ಓಡಾಟ ಇನ್ನೂ ಕಮ್ಮಿ. ಅದಕ್ಕೇ ಮೊದಲ ಅರ್ಧ ಗಂಟೆ ಏನೂ ಆಗದ ಪಾಯಸ ಕೊನೆಯ ಹತ್ತು ನಿಮಿಷದಲ್ಲಿ ಹೊತ್ತಿಬಿಡುತ್ತದೆ. "ಇನ್ನೇನು ಆಯ್ತಲ್ಲ" ಅಂತ ಕೈ ಬಿಡುವ ಹೊತ್ತೇ ಅದು.

ದಪ್ಪ ತಳದ ಪಾತ್ರೆ ಬೇಕು. ಸಂಘಕ್ಕೆ ಒಂದೇ ಒಂದು ದೊಡ್ಡ ಪಾತ್ರೆ ಕೊಳ್ಳುವುದಾದರೆ ಅಗ್ಗದ ತೆಳು ಸ್ಟೀಲಿಗೆ ಹೋಗಬೇಡಿ. ದಪ್ಪನೆಯ ಅಲ್ಯೂಮಿನಿಯಂ ಪಾತ್ರೆ, ಇಲ್ಲವೇ ಕಲಾಯಿ ಮಾಡಿಸಿದ ಹಿತ್ತಾಳೆ ಪಾತ್ರೆ ಶಾಖವನ್ನು ಸಮನಾಗಿ ಹರಡುತ್ತದೆ. ಕಲಾಯಿ ಹೋದ ಹಿತ್ತಾಳೆಯಲ್ಲಿ ಹಾಲು, ಬೆಲ್ಲ ಯಾವುದನ್ನೂ ಮಾಡಬಾರದು. ಬಾಯಿ ಅಗಲ ಇರಲಿ. ಅಗಲ ಬಾಯಿಯಿಂದ ಹಬೆ ಬೇಗ ಹೋಗುತ್ತದೆ, ಹಾಲು ಬೇಗ ಇಂಗುತ್ತದೆ, ತಿರುವಲು ಕೈಗೂ ಸುಲಭ.

ಸೌದೆ ಒಲೆಯಾದರೆ ಹಾಲು ಒಂದು ಕುದಿ ಬಂದ ಕೂಡಲೇ ಕೊಳ್ಳಿಗಳನ್ನು ಹೊರಗೆ ಎಳೆದು ಕೆಂಡದ ಮೇಲೆ ಬೇಯಿಸಿ. ಕೆಂಡದ ಶಾಖದ ಪಾಯಸದ ರುಚಿಯೇ ಬೇರೆ, ಇದನ್ನು ನಿಮಗೆ ಹೇಳುವ ಅಗತ್ಯ ಇಲ್ಲ. ಗ್ಯಾಸ್ ಆದರೆ ಉರಿ ಸಣ್ಣಗೆ. ಪಾಯಸದ ಮೇಲೆ ಅಲ್ಲೊಂದು ಇಲ್ಲೊಂದು ಗುಳ್ಳೆ ಬರುತ್ತಿದ್ದರೆ ಅಷ್ಟೇ ಸಾಕು. ಆರ್ಡರಿಗೆ ಬಳಸುವ ದೊಡ್ಡ ಬರ್ನರ್‌ನಲ್ಲಿ ಉರಿ ಎಷ್ಟು ಸಣ್ಣ ಮಾಡಿದರೂ ಜೋರೇ ಇರುತ್ತದೆ. ಆಗ ಬರ್ನರ್ ಮತ್ತು ಪಾತ್ರೆ ನಡುವೆ ದಪ್ಪ ಕಬ್ಬಿಣದ ಕಾವಲಿ ಇಡಿ.

ತಿರುವುವುದು ಮರದ ಹುಟ್ಟಿನಲ್ಲಿ, ಅದರ ತುದಿ ಚಪ್ಪಟೆ ಇರಲಿ. ಸುಮ್ಮನೆ ಗುಂಡಗೆ ತಿರುಗಿಸಿದರೆ ನಡುವಿನ ಜಾಗ ಹಾಗೇ ಉಳಿಯುತ್ತದೆ. ತಳವನ್ನು ಆಚೆಯಿಂದ ಈಚೆಗೆ ಗೆರೆ ಎಳೆದಂತೆ ಕೆರೆಯುತ್ತಾ ಬನ್ನಿ, ಆಮೇಲೆ ಅಂಚಿನ ಸುತ್ತ ಒಂದು ಸುತ್ತು. ಅಂಚಿಗೆ ಕಟ್ಟುವ ಕೆನೆಯನ್ನು ಒಳಗೇ ಸೇರಿಸಿ, ಅದೇ ಪಾಯಸದ ಸಾರ. ತಿರುವುವುದರಿಂದ ಇನ್ನೊಂದು ಉಪಯೋಗ ಇದೆ: ಕಾಳಿಗೆ ಕಾಳು ಉಜ್ಜಿ ಪಿಷ್ಟ ಹೊರಗೆ ಬರುತ್ತದೆ.

ಅಕಸ್ಮಾತ್ ಅಡಿಯಲ್ಲಿ ಹುಟ್ಟು ತೊಡರಿದಂತೆ ಆದರೆ, ಒಂದಿಷ್ಟು ಕಂದು ಚೂರು ಮೇಲೆ ಬಂದರೆ, ದಯವಿಟ್ಟು ಕೆರೆಯಬೇಡಿ. ತಕ್ಷಣ ಉರಿ ಆರಿಸಿ ಮೇಲಿನ ಪಾಯಸವನ್ನು ಬೇರೆ ಪಾತ್ರೆಗೆ ಬಗ್ಗಿಸಿ. ತಳಕ್ಕೆ ಹತ್ತಿದ್ದು ಅಲ್ಲೇ ಇರಲಿ. ಆ ಸೊರಬದ ಸಂಘದವರು ಹತ್ತಿದ್ದನ್ನು ಬಿಡಿಸಲು ಜೋರಾಗಿ ಕೆರೆದರು, ಸೀದದ್ದೆಲ್ಲ ಪಾಯಸದೊಳಗೆ ಬೆರೆತಿತು. ಬಗ್ಗಿಸಿದ್ದರೆ ಮುಕ್ಕಾಲು ಪಾಲು ಉಳಿಯುತ್ತಿತ್ತು.

ಮಾಡುವ ಕ್ರಮ

ಮೊದಲು ಮನೆ ಅಳತೆ. ಚಿಕ್ಕ ಚಹಾ ಲೋಟ, 100 ಮಿಲಿ ಹಿಡಿಯುವಂಥದ್ದು, ಒಂದು ಲೋಟ ಅಕ್ಕಿ. ತೂಕದಲ್ಲಿ ಸುಮಾರು 80 ಗ್ರಾಂ. ಹಾಲು 1 ಲೀಟರ್. ಅದೇ ಲೋಟದಲ್ಲಿ ನೀರು ಎರಡೂವರೆ ಲೋಟ, ಸಕ್ಕರೆ ಒಂದೂವರೆ ಲೋಟ, ಅಂದರೆ ಸುಮಾರು 120 ಗ್ರಾಂ. ಏಲಕ್ಕಿ ನಾಲ್ಕು, ತುಪ್ಪ ಎರಡು ಚಮಚ, ಗೋಡಂಬಿ ದ್ರಾಕ್ಷಿ ನಿಮ್ಮ ಕೈಲಾದಷ್ಟು, ಚಿಟಿಕೆ ಉಪ್ಪು. ಉಪ್ಪು ಬಿಡಬೇಡಿ. ಅದು ಉಪ್ಪಾಗಿ ತಿಳಿಯುವುದಿಲ್ಲ, ಸಿಹಿಯನ್ನು ಎತ್ತಿಕೊಡುತ್ತದೆ. ಇಷ್ಟರಲ್ಲಿ 100 ಮಿಲಿಯ ಹತ್ತು ಕಪ್ ಪಾಯಸ ಆಗುತ್ತದೆ.

ನೆನೆಸಿದ ಅಕ್ಕಿಯನ್ನು ನೀರಿನಲ್ಲಿ ಮುಕ್ಕಾಲು ಪಾಲು ಬೇಯಿಸಿ. ಹಾಲಿನಲ್ಲೇ ಪೂರ್ತಿ ಬೇಯಿಸಿದರೆ ಅಕ್ಕಿ ಬೇಯಲು ಹೆಚ್ಚು ಹೊತ್ತು ಬೇಕು. ಹಾಲು ಒಲೆ ಮೇಲೆ ಎಷ್ಟು ಹೊತ್ತು ಇರುತ್ತದೋ ಅಷ್ಟು ಹೊತ್ತು ತಳ ಹಿಡಿಯುವ ಭಯ. ನೀರು ಇಂಗುತ್ತಾ ಬಂದಾಗ ಬೇರೆ ಒಲೆಯಲ್ಲಿ ಕಾಯಿಸಿದ ಬಿಸಿ ಹಾಲನ್ನು ಹಾಕಿ. ಒಂದು ಲೋಟದಷ್ಟು ಹಾಲು ತೆಗೆದಿಟ್ಟುಕೊಳ್ಳಿ, ಕೊನೆಗೆ ಬೇಕಾಗುತ್ತದೆ. ಒಂದು ಕುದಿ ಬಂದ ಮೇಲೆ ಸಣ್ಣ ಉರಿಯಲ್ಲಿ 30ರಿಂದ 35 ನಿಮಿಷ. ಮೊದಲು ಎರಡು ಮೂರು ನಿಮಿಷಕ್ಕೊಮ್ಮೆ ತಿರುವಿದರೆ ನಡೆಯುತ್ತದೆ, ಗಟ್ಟಿಯಾಗಲು ಶುರುವಾದ ಮೇಲೆ ಕೈ ಬಿಡುವ ಹಾಗಿಲ್ಲ.

ಅಕ್ಕಿ ಬೆರಳಲ್ಲಿ ಒತ್ತಿದರೆ ಪೂರ್ತಿ ನುಣ್ಣಗಾಗಬೇಕು. ಅಲ್ಲಿಯವರೆಗೆ ಸಕ್ಕರೆ ಹಾಕಬಾರದು. ಸಕ್ಕರೆಯೂ ನೀರನ್ನು ಎಳೆದುಕೊಳ್ಳುವ ವಸ್ತು. ಬೇಗ ಹಾಕಿದರೆ ಅಕ್ಕಿಗೆ ಸಿಗಬೇಕಾದ ನೀರನ್ನು ತಾನು ಹಿಡಿದುಕೊಳ್ಳುತ್ತದೆ, ಕಾಳು ಗಟ್ಟಿ ಉಳಿಯುತ್ತದೆ. ಆಮೇಲೆ ಎಷ್ಟು ಬೇಯಿಸಿದರೂ ಒಳಗೆ ಗಂಟು ಸಿಕ್ಕಂತೆ ಆಗುತ್ತದೆ. ಸಕ್ಕರೆ ಹಾಕಿದ ಕೂಡಲೇ ಪಾಯಸ ನೀರಾಗಿ ಕಾಣುತ್ತದೆ, ಹೆದರಬೇಡಿ, ಐದು ನಿಮಿಷದಲ್ಲಿ ಮತ್ತೆ ಕೂಡಿಕೊಳ್ಳುತ್ತದೆ.

ಇಳಿಸುವ ಹದವೇ ದೊಡ್ಡ ವಿದ್ಯೆ. ನೀರುದೋಸೆ ಹಿಟ್ಟಿಗಿಂತ ಗಟ್ಟಿ, ಉದ್ದಿನ ದೋಸೆ ಹಿಟ್ಟಿಗಿಂತ ತೆಳು ಇರುವಾಗಲೇ ಇಳಿಸಿ. ಸೌಟಿನ ಹಿಂಬದಿಗೆ ಪಾಯಸ ಅಂಟಬೇಕು, ಬೆರಳಲ್ಲಿ ಗೆರೆ ಎಳೆದರೆ ಗೆರೆ ನಿಲ್ಲಬೇಕು. ಒಲೆ ಮೇಲೇ ಬೇಕಾದಷ್ಟು ಗಟ್ಟಿ ಮಾಡಿದರೆ ಬಡಿಸುವ ಹೊತ್ತಿಗೆ ಮುದ್ದೆ. ಯಾಕೆಂದರೆ ಆರುತ್ತಾ ಬಂದಂತೆ ಪಿಷ್ಟ ಇನ್ನೂ ಬಿಗಿಯಾಗುತ್ತದೆ. ಹಾಗೆ ಬಿಗಿಯಾದರೆ ತೆಗೆದಿಟ್ಟ ಹಾಲನ್ನು ಬಿಸಿ ಮಾಡಿ ಸ್ವಲ್ಪ ಸ್ವಲ್ಪ ಸೇರಿಸಿ. ಏಲಕ್ಕಿ ಇಳಿಸಿದ ಮೇಲೆ. ತುಪ್ಪದಲ್ಲಿ ಹುರಿದ ದ್ರಾಕ್ಷಿಯೂ ಇಳಿಸಿದ ಮೇಲೆಯೇ, ಅದರಲ್ಲಿ ಹುಳಿ ಇರುತ್ತದೆ.

ಕಸ್ಟರ್ಡ್ ಪುಡಿ ಹಾಕಿ ಹತ್ತು ನಿಮಿಷದಲ್ಲಿ ಗಟ್ಟಿ ಮಾಡುವ ರೂಢಿ ಅಡಿಗೆ ಕಂಟ್ರಾಕ್ಟರುಗಳಲ್ಲಿ ಇದೆ. ಅದು ಮೆಕ್ಕೆಜೋಳದ ಪಿಷ್ಟ, ಬಣ್ಣ ಮತ್ತು ವಾಸನೆ. ತಿಂದವರಿಗೆ ವ್ಯತ್ಯಾಸ ಗೊತ್ತಾಗುತ್ತದೆ. ನಿಮ್ಮ ಪಾಯಸವನ್ನು ಜನ ಕೇಳಿಕೊಂಡು ಬರಬೇಕಾದರೆ ಈ ದಾರಿ ಬೇಡ.

ಬೆಲ್ಲದ ಪಾಯಸ ಕೇಳಿದರೆ

ಬೆಲ್ಲದಲ್ಲಿ ಸ್ವಲ್ಪ ಹುಳಿ ಅಂಶ ಇರುತ್ತದೆ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಹಾಲು ಒಡೆಯುವುದು ಅದರಿಂದ. ಬೆಲ್ಲವನ್ನು ಅದು ಮುಳುಗುವಷ್ಟು ನೀರಿನಲ್ಲಿ ಕರಗಿಸಿ ಕುದಿಸಿ, ಬಟ್ಟೆಯಲ್ಲಿ ಸೋಸಿ. ಆಲೆಮನೆ ಬೆಲ್ಲದಲ್ಲಿ ಮರಳು, ಕಬ್ಬಿನ ಸಿಪ್ಪೆ ಇರುವುದುಂಟು. ಪಾಕ ಉಗುರುಬೆಚ್ಚಗಾಗಲಿ. ಪಾಯಸವನ್ನು ಒಲೆಯಿಂದ ಇಳಿಸಿ ಹತ್ತು ನಿಮಿಷ ಬಿಟ್ಟು ನಂತರ ಪಾಕವನ್ನು ತಿರುವುತ್ತಾ ಸೇರಿಸಿ. ಮತ್ತೆ ಒಲೆ ಮೇಲೆ ಇಡಬೇಡಿ. ಕಾಯಿಹಾಲಿನ ಪಾಯಸಕ್ಕೂ ಹೆಚ್ಚು ಕಮ್ಮಿ ಇದೇ ನಿಯಮ: ಎರಡನೇ ಹಾಲಿನಲ್ಲಿ ಅಕ್ಕಿ ಬೇಯಿಸಿ, ಮೊದಲನೇ ಗಟ್ಟಿ ಹಾಲು ಇಳಿಸಿದ ಮೇಲೆ.

ಬೆಲ್ಲದ ಪಾಯಸ ಸಕ್ಕರೆ ಕಾಯಿಲೆಯವರಿಗೆ ಏನೂ ಮಾಡುವುದಿಲ್ಲ ಎಂಬ ಮಾತು ಸಭೆಗಳಲ್ಲಿ ಕೇಳಿಬರುತ್ತದೆ. ಅದು ಸುಳ್ಳು. ಬೆಲ್ಲವೂ ರಕ್ತದ ಸಕ್ಕರೆಯನ್ನು ಏರಿಸುತ್ತದೆ, ಅಕ್ಕಿಯೂ ಏರಿಸುತ್ತದೆ. ಅಂಥವರು ಎರಡು ಚಮಚ ರುಚಿ ನೋಡಿದರೆ ಸಾಕು, ಬೆಲ್ಲ ಅಂತ ಎರಡು ಕಪ್ ಕುಡಿಯಬಾರದು. ಹಾಗೆಯೇ ಎರಡು ವರ್ಷದೊಳಗಿನ ಮಗು ಮನೆಯಲ್ಲಿದ್ದರೆ ಸಕ್ಕರೆ ಹಾಕುವ ಮೊದಲೇ ಅದರ ಪಾಲನ್ನು ತೆಗೆದಿಟ್ಟು ಕಿವುಚಿ ಕೊಡಿ. ಮಗುವಿಗೆ ಸಿಹಿ ಬೇಕು ಅನ್ನಿಸುವುದು ನಮಗೆ, ಮಗುವಿಗಲ್ಲ.

ನೂರು ಜನಕ್ಕೆ ಮಾಡುವಾಗ

ಹತ್ತರಷ್ಟು ಜನ ಅಂದರೆ ಎಲ್ಲವನ್ನೂ ಹತ್ತರಿಂದ ಗುಣಿಸಬೇಡಿ. ಹಾಲು 10 ಲೀಟರ್, ಅಕ್ಕಿ 800 ಗ್ರಾಂ, ಸಕ್ಕರೆ 1 ಕೆಜಿ 200 ಗ್ರಾಂ, ಇಲ್ಲಿಯವರೆಗೆ ಸರಿ. ನೀರು ಮಾತ್ರ ಎರಡೂವರೆ ಲೀಟರ್ ಬೇಡ, ಎರಡು ಸಾಕು. ದೊಡ್ಡ ಪಾತ್ರೆಯಲ್ಲಿ ಹಾಲಿನ ಆಳ ಜಾಸ್ತಿ, ಅದಕ್ಕೆ ತಕ್ಕಂತೆ ಬಾಯಿ ಅಗಲ ಆಗಿರುವುದಿಲ್ಲ, ಹಬೆ ನಿಧಾನ ಹೋಗುತ್ತದೆ. ಹೊತ್ತು ಒಂದೂಕಾಲು ಗಂಟೆಯಿಂದ ಒಂದೂವರೆ ಗಂಟೆ ಹಿಡಿಯುತ್ತದೆ. ಪಾತ್ರೆ 18 ಲೀಟರಿಗೆ ಕಮ್ಮಿ ಇರಬಾರದು, ಇಲ್ಲವಾದರೆ ಉಕ್ಕಿ ಒಲೆ ಆರುತ್ತದೆ. ಏಲಕ್ಕಿಯನ್ನು ಅರ್ಧಕ್ಕೆ ಹಾಕಿ ರುಚಿ ನೋಡಿ ಮುಂದುವರಿಸಿ. ಮತ್ತು ತಿರುವುವ ಕೆಲಸಕ್ಕೆ ಇಬ್ಬರು, ಇಪ್ಪತ್ತು ನಿಮಿಷಕ್ಕೊಮ್ಮೆ ಬದಲಾಗುತ್ತಾ. ಹುಟ್ಟು ಹಿಡಿದವರನ್ನು ಯಾರೂ ಬೇರೆ ಕೆಲಸಕ್ಕೆ ಕರೆಯಬಾರದು ಎಂದು ಮೊದಲೇ ಮಾತಾಡಿಕೊಳ್ಳಿ.

ಬೇಗ ಮುಗಿಸಿಬಿಡೋಣ ಎಂದು ಬೆಳಗಿನ ಜಾವ ಐದಕ್ಕೇ ಪಾಯಸ ಮಾಡಿ ಮುಚ್ಚಿಟ್ಟು ಮಧ್ಯಾಹ್ನ ಒಂದೂವರೆಗೆ ಬಡಿಸುವುದು ಅಪಾಯ. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ರೋಗಾಣುವಿನ ಬೀಜಕಣ ಇರುತ್ತದೆ. ಕುದಿಸಿದರೂ ಅದು ಸಾಯುವುದಿಲ್ಲ. ಬೆಂದ ಅಕ್ಕಿ ಉಗುರುಬೆಚ್ಚಗೆ ಗಂಟೆಗಟ್ಟಲೆ ಕೂತಾಗ ಮೊಳೆತು ಬೆಳೆದು ವಿಷ ಬಿಡುತ್ತದೆ. ವಾಂತಿ ಬರಿಸುವ ಆ ವಿಷ ಪುನಃ ಬಿಸಿ ಮಾಡಿದರೂ ಹೋಗುವುದಿಲ್ಲ. ತಿಂದ ಒಂದರಿಂದ ಆರು ಗಂಟೆಯೊಳಗೆ ವಾಂತಿ ಶುರುವಾಗುತ್ತದೆ. ಮಕ್ಕಳು, ಮುದುಕರು, ಬಸುರಿಯರು ಹೆಚ್ಚು ಬಳಲುತ್ತಾರೆ. ನೂರು ಜನದ ಊಟದಲ್ಲಿ ಹೀಗಾದರೆ ಆರ್ಡರ್ ಹೋಗುವುದಿರಲಿ, ಆಸ್ಪತ್ರೆಗೆ ಓಡಾಡಬೇಕಾಗುತ್ತದೆ.

ಹಾಗಾಗಿ ಬಡಿಸುವ ಹೊತ್ತಿನಿಂದ ಹಿಂದಕ್ಕೆ ಲೆಕ್ಕ ಹಾಕಿ. ಒಂದು ಗಂಟೆಗೆ ಊಟವಾದರೆ ಹತ್ತೂಮುಕ್ಕಾಲು ಹನ್ನೊಂದಕ್ಕೆ ಒಲೆ ಹಚ್ಚಿ. ಮಾಡಿದ್ದನ್ನು ಬಿಸಿಯಾಗೇ ಇಡಿ, ಕೈ ತಾಗಿಸಲು ಆಗದಷ್ಟು ಬಿಸಿ. ಇಲ್ಲವೇ ಎರಡು ಗಂಟೆಯೊಳಗೆ ಬಡಿಸಿ ಮುಗಿಸಿ. ತಣ್ಣಗಿನ ಪಾಯಸ ಬೇಕು ಎಂದವರಿಗೆ ದೊಡ್ಡ ಪಾತ್ರೆಯಲ್ಲೇ ಆರಲು ಬಿಡಬೇಡಿ, ನಡುವಿನ ಭಾಗ ಸಂಜೆವರೆಗೂ ಬೆಚ್ಚಗೇ ಇರುತ್ತದೆ. ಅಗಲವಾದ ತಟ್ಟೆ ಪಾತ್ರೆಗಳಿಗೆ ತೆಳ್ಳಗೆ ಹಾಕಿ, ಅವನ್ನು ತಣ್ಣೀರಿನಲ್ಲಿ ಇಟ್ಟು ಬೇಗ ಆರಿಸಿ ಫ್ರಿಜ್‌ಗೆ ಸೇರಿಸಿ, ಮರುದಿನದೊಳಗೆ ಮುಗಿಸಿ. ಹೊರಗೆ ಉಳಿದ ಪಾಯಸವನ್ನು ರಾತ್ರಿ ಸಂಘದವರೇ ಮನೆಗೆ ಹಂಚಿಕೊಂಡು ಹೋಗುವ ಅಭ್ಯಾಸ ನಮಗೆ ಗೊತ್ತು. ಹಾಲು ಸಕ್ಕರೆ ಹಾಳಾಗುತ್ತಲ್ಲಾ ಅಂತ ಹೊಟ್ಟೆ ಉರಿಯುತ್ತದೆ, ಆದರೂ ಬೇಡ.

ದರ ಎಷ್ಟು ಹೇಳಬೇಕು?

ಕಪ್ಪಿಗೆ ಹತ್ತು ರೂಪಾಯಿ ಅಂತ ಬಾಯಿಗೆ ಬಂದ ದರ ಹೇಳುವ ಸಂಘಗಳಿವೆ. ಒಂದು ಲೆಕ್ಕ ನೋಡೋಣ. ದರಗಳು ಉದಾಹರಣೆಗೆ ಮಾತ್ರ, ನಿಮ್ಮ ಊರಿನ ಇವತ್ತಿನ ದರ ಹಾಕಿಕೊಳ್ಳಿ. ಹಾಲು ಲೀಟರಿಗೆ 50ರಂತೆ 500 ರೂಪಾಯಿ. ಅಕ್ಕಿ ಕೆಜಿಗೆ 60ರಂತೆ 48. ಸಕ್ಕರೆ 45ರಂತೆ 54. ಗೋಡಂಬಿ, ದ್ರಾಕ್ಷಿ, ಏಲಕ್ಕಿ, ತುಪ್ಪ ಸೇರಿ 195. ಗ್ಯಾಸ್ 50. ಇಲ್ಲಿಗೆ 847 ರೂಪಾಯಿ. ನೂರು ಕಪ್ಪಿಗೆ ಸಾವಿರ ಬಂದರೆ 153 ರೂಪಾಯಿ ಲಾಭ ಎಂದು ಸಂಘದ ಪುಸ್ತಕದಲ್ಲಿ ಬರೆಯುತ್ತೀರಿ. ಆದರೆ ಅರ್ಧ ದಿನ ಒಲೆ ಮುಂದೆ ನಿಂತ ಇಬ್ಬರ ಕೂಲಿ? ತಲಾ 200 ಅಂದರೂ 400. ಆಟೋ ಬಾಡಿಗೆ 100. ಒಟ್ಟು 1347. ಅಂದರೆ ಹತ್ತು ರೂಪಾಯಿಗೆ ಕೊಟ್ಟರೆ ನಿಮಗೆ 347 ರೂಪಾಯಿ ನಷ್ಟ, ಅದು ನಿಮ್ಮ ಬೆನ್ನು ನೋವಿನಲ್ಲಿ ಅಡಗಿಕೊಂಡಿರುವುದರಿಂದ ಪುಸ್ತಕದಲ್ಲಿ ಕಾಣುವುದಿಲ್ಲ. 18 ರೂಪಾಯಿ ಹೇಳಿದರೆ 1800 ಬರುತ್ತದೆ, ಕೂಲಿ ಕಳೆದು 453 ಸಂಘಕ್ಕೆ ಉಳಿಯುತ್ತದೆ. ಅದರಿಂದ ಪಾತ್ರೆ ಸವೆತ, ಒಮ್ಮೊಮ್ಮೆ ಆಗುವ ನಷ್ಟ ಎರಡನ್ನೂ ಸುಧಾರಿಸಬಹುದು.

ಮನೆ ಹಸುವಿನ ಹಾಲು ಹಾಕಿದರೂ ಅದಕ್ಕೆ ದರ ಕಟ್ಟಿ. ಡೈರಿಗೆ ಹಾಕಿದ್ದರೆ ದುಡ್ಡು ಬರುತ್ತಿತ್ತಲ್ಲ? ಹಾಲು ಕೊಟ್ಟ ಸದಸ್ಯೆಗೆ ಆ ದುಡ್ಡನ್ನು ಅದೇ ವಾರ ಕೊಟ್ಟುಬಿಡಿ. ಹೀಗೆ ಕೊಡದೆ ಉಳಿದ ಸಣ್ಣ ಬಾಕಿಗಳಿಂದಲೇ ಸಂಘ ಒಡೆದದ್ದನ್ನು ನಾವು ಒಂದೆರಡು ಕಡೆ ಕಂಡಿದ್ದೇವೆ.

ಆರ್ಡರ್ ಒಪ್ಪುವಾಗ ಅರ್ಧ ದುಡ್ಡು ಮುಂಗಡ ಕೇಳಿ, ಕನಿಷ್ಠ ಹಾಲಿನ ದುಡ್ಡನ್ನಾದರೂ. ಎಷ್ಟು ಕಪ್, ಎಷ್ಟು ಹೊತ್ತಿಗೆ, ಯಾವ ದರ ಎಂದು ಒಂದು ಚೀಟಿಯಲ್ಲಿ ಬರೆದು ಇಬ್ಬರೂ ಸಹಿ ಹಾಕಿ, ನಡಾವಳಿ ಪುಸ್ತಕದಲ್ಲೂ ದಾಖಲಿಸಿ. ಪದೇ ಪದೇ ಆರ್ಡರ್ ಹಿಡಿಯುವ ಸಂಘಗಳು ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ 2006ರ ಪ್ರಕಾರ ಎಫ್‌ಎಸ್‌ಎಸ್‌ಎಐ ನೋಂದಣಿ ಮಾಡಿಸಿಕೊಳ್ಳಬೇಕು. ಸಣ್ಣದಾಗಿ ಆಹಾರ ತಯಾರಿಸಿ ಮಾರುವವರಿಗೂ ಇದು ಅನ್ವಯಿಸುತ್ತದೆ. ಅರ್ಜಿ ಕಂಪ್ಯೂಟರ್ ಮೂಲಕವೇ ಹಾಕುವುದು; ಫೋಟೋ, ಗುರುತಿನ ಚೀಟಿ ಇಟ್ಟುಕೊಂಡು ಹೋಗಿ, 14 ಅಂಕಿಯ ನಂಬರ್ ಬರುತ್ತದೆ. ಆ ನಂಬರನ್ನು ಆರ್ಡರ್ ಚೀಟಿಯ ಮೇಲೂ ಬರೆಯಿರಿ. ಶಾಲೆ, ಬ್ಯಾಂಕು, ಕಚೇರಿಗಳ ಕಾರ್ಯಕ್ರಮದವರು ಅದನ್ನೇ ಮೊದಲು ಕೇಳುತ್ತಾರೆ.